ಹಿಮದ ಮೇಲೆ ನಾಟಿಯ ಬೆನ್ನು

ನನ್ನ ಎರಡು ಪಾದಗಳನ್ನೂ ಒಂದೇ ಹಲಗೆಗೆ ಬಿಗಿದು, ಬೆಳ್ಳನೆಯ ಇಳಿಜಾರಿನ ತುದಿಯಲ್ಲಿ ನಿಲ್ಲಿಸಿ, "ಭಯವಾದಾಗ ಹಿಂದಕ್ಕಲ್ಲ, ಮುಂದಕ್ಕೆ ವಾಲಬೇಕು ಮೇಡಂ" ಎಂದರು ತರಬೇತುದಾರ ತೆನ್‌ಜಿನ್. ಬೀಳುವ ದಿಕ್ಕಿಗೇ ಭಾರ ಕೊಡುವ ವಿದ್ಯೆಯನ್ನು ಮಂಡ್ಯದ ಗದ್ದೆಬದುಗಳು ನನಗೆ ಕಲಿಸಿರಲಿಲ್ಲ. ಹಿಂದಕ್ಕೆ ವಾಲಿದೆ. ಹಲಗೆ ನನ್ನನ್ನು ಹೊತ್ತುಕೊಂಡೇ ಓಡಿತು. ಅದರ ಕೆಳಗಿನ ಅಂಚು ಹಿಮಕ್ಕೆ ಕಚ್ಚಿದ ಕ್ಷಣ ಮುಖ ಅಡಿಯಾಗಿ ಬಿದ್ದೆ. ಬಾಯಲ್ಲಿ ರಕ್ತದ ರುಚಿ.

ನಾನು ಹಿಮಾಚಲಕ್ಕೆ ಬಂದದ್ದು ಜಾರುವುದಕ್ಕಲ್ಲ, ಮನಾಲಿ ಬದಿಯ ವಸತಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವುದಕ್ಕೆ. ಮಳವಳ್ಳಿಯಲ್ಲಿ ಪಾಠ ಮಾಡುತ್ತಿದ್ದಾಗ ಮಕ್ಕಳು ತಡವಾಗಿ ಬಂದರೆ ಬಸ್ಸು ಕೆಟ್ಟಿತೆಂದು ತಿಳಿಯುತ್ತಿದ್ದೆ. ಇಲ್ಲಿ ಹಿಮದಡಿ ರಸ್ತೆಯೇ ಇಲ್ಲವಾಗಿರುತ್ತದೆ. ನಮ್ಮಲ್ಲಿ ತಂದೂರ್ ಎಂದರೆ ಹೋಟೆಲಿನ ರೊಟ್ಟಿಯ ಒಲೆ. ಇಲ್ಲಿ ಅದು ಕೋಣೆಯ ನಡುವೆ ಉರಿಯುವ ಕಬ್ಬಿಣದ ಸೌದೆ ಒಲೆ, ಚಳಿಗಾಲದ ಸಂಸಾರವೆಲ್ಲ ಅದರ ಸುತ್ತಲೇ. ಬಾಡಿಗೆ ಮನೆಯ ಅಜ್ಜಿ ಸಿಡ್ಡು ಎಂಬ ಹಬೆಯಲ್ಲಿ ಬೆಂದ ಗೋಧಿಯ ತಿನಿಸಿಗೆ ತುಪ್ಪ ಸುರಿದು ಕೊಡುತ್ತಾರೆ. ತಿಂದು, ಮಂಡ್ಯದ ಗಡಸಿನ ಹಿಂದಿಯಲ್ಲಿ ಚೆನ್ನಾಗಿದೆ ಎಂದರೆ, ನನಗೇಕೆ ಸಿಟ್ಟು ಬಂತೆಂದು ವಿಚಾರಿಸುತ್ತಾರೆ.

ಚಳಿಗಾಲದ ರಜೆ ಮುಗಿದ ವಾರ ಒಂಬತ್ತನೆಯ ತರಗತಿಯ ಪದ್ಮಾ ನನ್ನ ಬಳಿ ಬಂದಳು. ಪ್ರತಿವರ್ಷ ಶಾಲೆಯ ಗಂಡುಮಕ್ಕಳು ಸ್ನೋಬೋರ್ಡ್ ಶಿಬಿರಕ್ಕೆ ಹೋಗುತ್ತಾರೆ. ಅಣ್ಣನ ಹಳೆಯ ಹಲಗೆ ತನ್ನ ಕಾಲಿಗೆ ಸರಿಯಾಗುತ್ತದೆ. ತಾನೇಕೆ ಹೋಗಬಾರದು ಎಂಬುದು ಅವಳ ಪ್ರಶ್ನೆ. ಮಂಡ್ಯದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ವೇದಿಕೆ ಹತ್ತಿದವಳು ನಾನು. ಶಿಕ್ಷಕರ ಸಭೆಯಲ್ಲಿ ಸಮಾನತೆಯ ಪರವಾಗಿ ವಾದ ಮಂಡಿಸಿದೆ; ಎದುರು ವಾದಿಸಲು ಯಾರೂ ಏಳಲಿಲ್ಲ. ಮುಖ್ಯೋಪಾಧ್ಯಾಯರು ಮಾತ್ರ ಶಾಂತವಾಗಿ ಹೇಳಿದರು: ಇಳಿಜಾರಿನಲ್ಲಿ ಜೊತೆಗೆ ಇಳಿಯಬಲ್ಲ ಶಿಕ್ಷಕಿ ಇದ್ದರೆ ಮಾತ್ರ ಹೆತ್ತವರು ಒಪ್ಪುತ್ತಾರೆ. ನೀವೇ ಕಲಿಯಿರಿ. ಶನಿವಾರ ಮೇಲಿನ ಬಾವುಟದಿಂದ ಕೆಳಗಿನದರವರೆಗೆ ಬೀಳದೆ ಇಳಿದರೆ ಹೆಣ್ಣುಮಕ್ಕಳ ಪಟ್ಟಿಗೆ ಸಹಿ ಹಾಕುತ್ತೇನೆ.

ಅಂದು ಸೋಮವಾರ. ವಾದ ಗೆದ್ದರೆ ವಿಷಯವೂ ಗೆದ್ದಂತೆ ಎಂದು ನಂಬಿದ್ದು ನನ್ನ ಮೊದಲ ತಪ್ಪು.

ಉಳಿದವನ್ನು ತೆನ್‌ಜಿನ್ ದಿನಕ್ಕೊಂದರಂತೆ ತೋರಿಸಿದರು. ಹೊಸಬರೆಲ್ಲ ಕಾಲನ್ನೇ ನೋಡುತ್ತಾರಂತೆ. ಕಣ್ಣು ಹೋದಲ್ಲಿಗೇ ಮೈಯೂ ಹೋಗುವುದರಿಂದ ಅಲ್ಲೇ ಬೀಳುತ್ತಾರೆ. ಬೀಳುವಾಗ ಅಂಗೈ ಊರಿ ಮಣಿಕಟ್ಟು ಮುರಿದುಕೊಳ್ಳುತ್ತಾರೆ. ಮುಷ್ಟಿ ಕಟ್ಟಿ ಮುಂದೋಳು ಕೊಡಬೇಕು. ಇವನ್ನು ತಿದ್ದಿಕೊಂಡೆ. ಆದರೆ ಅವರು "ಬಾಗಿ" ಎಂದಾಗಲೆಲ್ಲ ನಾನು ಬಾಗಿದೆ, ಬಿದ್ದೆ. ಇನ್ನಷ್ಟು ಬಾಗಿದೆ, ಇನ್ನಷ್ಟು ಜೋರಾಗಿ ಬಿದ್ದೆ. ಬೇಲಿಯಾಚೆ ಪದ್ಮಾ ಪ್ರತಿ ಸಂಜೆ ಅಣ್ಣನ ಹಲಗೆಯನ್ನು ತಬ್ಬಿಕೊಂಡು ನೋಡುತ್ತಿದ್ದಳು. ಒಮ್ಮೆಯೂ ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು.

ಗುರುವಾರ ಸಂಜೆ ಅವ್ವನಿಗೆ ವಿಡಿಯೊ ಕರೆ ಮಾಡಿದೆ. ಅವ್ವ ಮಂಡ್ಯದ ಬಳಿಯ ವಿ.ಸಿ. ಫಾರಂನ ಗದ್ದೆಗಳಲ್ಲಿ ನಾಟಿ ಹಾಕುವ ಕೂಲಿಯವಳು. ಆಗಷ್ಟೇ ಕೆಸರು ತೊಳೆದು ಕೂತಿದ್ದಳು. ನನಗೆ ಸೊಂಟ ನೋಯುತ್ತಿದೆ ಎಂದು ಹೇಳಿದಾಗ, ಹೇಗೆ ನಿಲ್ಲುತ್ತೀಯೋ ತೋರಿಸು ಎಂದಳು. ಫೋನನ್ನು ಗೋಡೆಗೆ ಒರಗಿಸಿ ತೋರಿಸಿದೆ.

"ಅಲ್ಲ ಕಣವ್ವ, ನಾಟಿಗೆ ನಿಂತಂಗೆ ನಿಂತಿದ್ದೀಯಲ್ಲ. ಅಲ್ಲೇನ್ ಪೈರು ಊರ್ಬೇಕಾ?"

ತೆನ್‌ಜಿನ್ ಬಾಗಿಸಲು ಹೇಳಿದ್ದು ಮಂಡಿಯನ್ನು; ನನ್ನ ಮಂಡಿ ನೆಟ್ಟಗಿತ್ತು, ಸೊಂಟವೊಂದೇ ಮಡಚಿತ್ತು. ರಜೆಗಳಲ್ಲೆಲ್ಲ ಅವ್ವನ ಜೊತೆ ಸಾಲಿಗಿಳಿದು ಕಲಿತ ಭಂಗಿ ಅದು. ನಾಟಿಯವರು ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಾರೆ. ನನ್ನ ಭಾರ ಹಿಂಗಾಲಿಗೆ ಬೀಳುತ್ತಿದ್ದುದೂ ಅದರಿಂದಲೇ. ತೆನ್‌ಜಿನ್ ಭತ್ತದ ಗದ್ದೆಯನ್ನೇ ಕಂಡವರಲ್ಲ; ಅವರಿಗೆ ತಿಳಿಯುವುದಾದರೂ ಹೇಗೆ?

"ತಲೆ ಮ್ಯಾಲೆ ಪೈರಿನ್ ಕುಕ್ಕೆ ಇಟ್ಕಂಡು ಬದಿನ್ ಮ್ಯಾಲೆ ಬತ್ತಿದ್ದಲ್ಲ, ಆವಾಗ ಕಾಲ್ ನೋಡ್ಕಂಡ್ ಬತ್ತಿದ್ಯಾ?" ಎಂದಳು ಅವ್ವ. "ಮಂಡಿ ಸಡ್ಲ ಬುಡು. ಕುಕ್ಕೆ ಬೀಳ್ದಂಗೆ ನೋಡ್ಕೊ, ಸಾಕು."

ಶುಕ್ರವಾರವೆಲ್ಲ ಇಲ್ಲದ ಕುಕ್ಕೆಯನ್ನು ಹೊತ್ತು ಅಭ್ಯಾಸ ಮಾಡಿದೆ. ಮೂರು ಸಲ ಬಿದ್ದೆ.

ಶನಿವಾರ ಹಿಮ ಗಾಜಿನಂತೆ ಗಟ್ಟಿಯಾಗಿತ್ತು. ಕೆಳಗಿನ ಬಾವುಟದ ಬಳಿ ಮುಖ್ಯೋಪಾಧ್ಯಾಯರು, ಪಕ್ಕದಲ್ಲಿ ಪದ್ಮಾ. ಹೊರಟೆ. ನಡುವಿನ ತಿರುವಿನಲ್ಲಿ ಹಲಗೆ ಕರಕರ ಕೆರೆಯುತ್ತ ಅಡ್ಡಕ್ಕೆ ಹೊರಳಿತು. ಕೆಳಗಿನ ಅಂಚು ಕಚ್ಚಲು ಕೂದಲೆಳೆಯಷ್ಟೇ ಬಾಕಿ. ಮೈಯೆಲ್ಲ ಹಿಂದಕ್ಕೆ ಎಳೆಯುತ್ತಿತ್ತು. ಕುಕ್ಕೆ, ಎಂದುಕೊಂಡೆ. ಮಂಡಿ ಸಡಿಲಿಸಿ, ತಲೆಯೆತ್ತಿ, ಮುಂಗಾಲಿಗೆ ಭಾರ ಕೊಟ್ಟೆ. ಹಲಗೆ ಒಮ್ಮೆ ನಡುಗಿ, ನೆಟ್ಟಗಾಗಿ, ಬಾವುಟ ದಾಟಿ ನಿಂತಿತು. ಪದ್ಮಾ ಅಣ್ಣನ ಹಲಗೆಯನ್ನು ನೆಲಕ್ಕಿಟ್ಟು ಪಾದ ಕಟ್ಟಿಕೊಳ್ಳತೊಡಗಿದಳು. ಆ ಸಲ ಆರು ಹುಡುಗಿಯರು ಶಿಬಿರಕ್ಕೆ ಹೋದರು.

ಮಳೆಗಾಲದ ರಜೆಗೆ ಊರಿಗೆ ಬಂದಾಗ ನಾಟಿ ನಡೆದಿತ್ತು. ಸೀರೆ ಎತ್ತಿ ಕಟ್ಟಿ ಅವ್ವನ ಪಕ್ಕದಲ್ಲಿ ಗದ್ದೆಗಿಳಿದೆ. ನಾಲ್ಕು ಪೈರು ಊರುವಷ್ಟರಲ್ಲಿ ಸಾಲೇ ನಗತೊಡಗಿತು.

"ಏನವ್ವ, ನಾಟಿಗೆ ಬಂದ್ಯೋ, ಕುಂತ್ಕಂಡು ಕಳೆ ಕೀಳಕ್ ಬಂದ್ಯೋ?"

ಮಂಡಿ ತಾನಾಗಿ ಬಾಗಿತ್ತು. ನೆಟ್ಟಗೆ ಮಾಡಿದೆ, ಮತ್ತೆ ಬಾಗಿತು. ಸಾಲು ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಸರಿಯುತ್ತ ಹೋಯಿತು. ನಾನೊಬ್ಬಳೇ ಆಗಲೇ ನೆಟ್ಟ ಪೈರಿನ ನಡುವೆ ಮುಂದೆ ಉಳಿದೆ.

"ಇಂದಕ್ ಬಾ ಮಗ," ಎಂದಳು ಅವ್ವ.

ಕೇಳಿಸಿತು. ಹೋಗಬೇಕೆಂದೇ ಇದ್ದೆ. ಆದರೆ ನನ್ನ ಭಾರ, ನನ್ನನ್ನು ಕೇಳದೆಯೇ, ಮುಂಗಾಲಿನ ಮೇಲೆ ನಿಂತುಬಿಟ್ಟಿತ್ತು.