ಹಡಗು ಬಂತೋ ಇಲ್ಲವೋ

ಶಂಕರಘಟ್ಟದಲ್ಲಿ ವಿಶ್ವವಿದ್ಯಾಲಯದ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ಶ್ರೀಗೌರಿಯವರು ಪಿಎಚ್.ಡಿ. ಪ್ರಬಂಧ ಬೈಂಡಿಂಗಿಗೆ ಬಂದರೆ ಮೊದಲು ತಿರುವುವುದು ಕೊನೆಯ ಅಧ್ಯಾಯವನ್ನು. "ಮೊದಲಿನದೆಲ್ಲ ಅವರಿವರ ಪುಸ್ತಕದಿಂದ ಎತ್ತಿದ್ದು ಷಣ್ಮುಖಪ್ಪನವ್ರೇ, ಸ್ವಂತದ್ದು ಏನಾದ್ರೂ ಇದ್ರೆ ಕೊನೇಲಿ ಸಿಗುತ್ತೆ" ಎನ್ನುತ್ತಾರೆ. ಎಷ್ಟೋ ಡಾಕ್ಟರುಗಳ ಉಪಸಂಹಾರ ಓದಿ, ರೆಕ್ಸಿನ್ ಹೊದಿಸಿ, ಚಿನ್ನದ ಅಕ್ಷರ ಒತ್ತಿ ಕಳಿಸಿದ್ದಾರೆ. ಆ ರೆಕ್ಸಿನ್, ರಟ್ಟು, ಕಾಗದದ ಬಂಡಲ್ಲುಗಳನ್ನು ಶಿವಮೊಗ್ಗದ ಗಾಂಧಿ ಬಜಾರಿನಿಂದ ಒದಗಿಸುವವನು ನಾನು. ಹಾಗಾಗಿ ಜಿಲ್ಲೆಯ ವಿದ್ಯೆಯಲ್ಲಿ ನನ್ನದೂ ಒಂದು ಪಾಲಿದೆ ಎಂದುಕೊಂಡಿದ್ದೇನೆ.

ಇಂಥ ಹೆಂಗಸಿಗೆ ಒಂದೇ ಒಂದು ಕಥೆಯ ಕೊನೆ ಗೊತ್ತಿರಲಿಲ್ಲ. ಅದು ಒಂದು ಇಂಗ್ಲಿಷ್ ಸಿನಿಮಾದ ಕಥೆ. ಸಿನಿಮಾದ ಹೆಸರು ಬರೆಯುವುದಿಲ್ಲ, ಕಾರಣ ಆಮೇಲೆ ತಿಳಿಯುತ್ತದೆ.

ಶ್ರೀಗೌರಿ ಬೆಳೆದದ್ದು ಭದ್ರಾವತಿಯ ಪೇಪರ್ ಟೌನಿನಲ್ಲಿ. ಅಪ್ಪ ಕಾಗದದ ಕಾರ್ಖಾನೆಯ ಲೆಕ್ಕಪತ್ರದವರು. ಮಡಿವಂತರು, ಮನೆಯಲ್ಲಿ ಸಿನಿಮಾ ನಿಷಿದ್ಧ. ಆದರೆ ಕ್ವಾರ್ಟರ್ಸಿನ ಹಿಂದೆ ಒಂದು ಕ್ಯಾಸೆಟ್ ಅಂಗಡಿಯಿತ್ತು, ಅದರ ಒಳಕೋಣೆಯಲ್ಲಿ ಟಿವಿಗೆ ಸಿಕ್ಕಿಸಿದ ವಿಡಿಯೋ ಗೇಮ್ ಇತ್ತು. ವಿಡಿಯೋ ಗೇಮ್ ಆಡಬಾರದೆಂದು ಯಾವ ಶಾಸ್ತ್ರದಲ್ಲೂ ಇರಲಿಲ್ಲ. ಅಪ್ಪನಿಗೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿರಲಿಲ್ಲ.

ಅಲ್ಲಿ ಜೊತೆಗಾತಿ ಕರಿಯಮ್ಮ, ಕಾರ್ಖಾನೆಯ ಲೋಡರ್ ಒಬ್ಬರ ಮಗಳು. ಬಾಡಿಗೆ ಆಡುವವರ ತಲೆಗಲ್ಲ, ರಿಮೋಟಿಗೆ. ಆದ್ದರಿಂದ ಪೇಪರ್ ಟೌನಿನ ಮಕ್ಕಳು ಒಂದು ರಿಮೋಟನ್ನು ಇಬ್ಬರು ಹಿಡಿಯುತ್ತಿದ್ದರು. ಎಡಗಡೆಯ ಗುಂಡಿ ಒತ್ತಿದರೆ ಬೊಂಬೆ ಓಡುತ್ತದೆ, ಬಲಗಡೆಯದು ಒತ್ತಿದರೆ ನೆಗೆಯುತ್ತದೆ. ಕರಿಯಮ್ಮ ಎಡಚಿ, ಓಟ ಅವಳದು. ನೆಗೆತ ಶ್ರೀಗೌರಿಯದು. ಈ ಉಪಾಯ ಹೊಳೆದ ಮಗು ಯಾವುದೋ ಗೊತ್ತಿಲ್ಲ, ವ್ಯಾಪಾರಕ್ಕೆ ಬಂದಿದ್ದರೆ ನಾವೆಲ್ಲ ಅಂಗಡಿ ಮುಚ್ಚಬೇಕಾಗುತ್ತಿತ್ತು.

ಆಟ ಆ ಸಿನಿಮಾದ ಮೇಲೆಯೇ ಮಾಡಿದ್ದು. ಕೆಂಪು ಸ್ವೆಟರಿನ ಒಬ್ಬ ಮುದುಕ, ಸಮುದ್ರದ ದೀಪಸ್ತಂಭ ಕಾಯುವವನು. ಬಿರುಗಾಳಿಗೆ ದೀಪ ಆರಿದೆ. ಮಗಳು ಕೂತ ಹಡಗು ಕತ್ತಲೆಯಲ್ಲಿ ಬರುತ್ತಿದೆ. ಮುದುಕ ಬಂಡೆ ದಾಟಿ, ಏಡಿಗಳನ್ನು ಹಾರಿ, ಹಕ್ಕಿಗಳು ಉದುರಿಸುವ ಕಲ್ಲು ತಪ್ಪಿಸಿಕೊಂಡು, ಕುಸಿಯುವ ಮೆಟ್ಟಿಲು ಹತ್ತಿ ದೀಪ ಹಚ್ಚಬೇಕು.

ಇಬ್ಬರೂ ಕೊನೆಯ ಮೆಟ್ಟಿಲುಗಳವರೆಗೆ ಹೋಗುತ್ತಿದ್ದರು. ಶಾಲೆ ಬಿಟ್ಟ ಕೂಡಲೇ ಆಟ ಹಿಡಿದರೆ, ಸರಿಯಾಗಿ ಮೆಟ್ಟಿಲು ಮುರಿದಿದ್ದ ಕಡೆ ತಲುಪುವ ಹೊತ್ತಿಗೆ ಕಾರ್ಖಾನೆಯ ಶಿಫ್ಟ್ ಬಿಡುವ ಸೈರನ್ ಕೂಗುತ್ತಿತ್ತು. ಸೈರನ್ ಅಂದರೆ ಅಪ್ಪಂದಿರು ಸೈಕಲ್ ಹತ್ತಿದರು ಅಂತ. ರಿಮೋಟ್ ಎಸೆದು ಓಟ. ಮರುದಿನ ಮತ್ತೆ ಮೊದಲ ಬಂಡೆಯಿಂದ ಶುರು. ಒಂದು ದಿನ ಅಂಗಡಿಯೇ ಮುಚ್ಚಿತು. ಹಡಗು ಬಂತೋ ಇಲ್ಲವೋ, ತಿಳಿಯಲಿಲ್ಲ.

"ಸಿನಿಮಾ ನೋಡ್ಬಿಡಬಹುದಲ್ಲ, ಫೋನಲ್ಲೇ ಸಿಗುತ್ತೆ" ಎಂದೆ, ಈ ಕಥೆ ಮೊದಲ ಸಲ ಕೇಳಿದಾಗ.

"ಅಷ್ಟು ಮೆಟ್ಟಿಲು ಹತ್ತಿಸಿದವರು ನಾವು. ಕೊನೇಲಿ ಕೂತ್ಕೊಂಡು ನೋಡೋಕೆ ನಮಗೇನು ನಾಚಿಕೆ ಇಲ್ವಾ?"

ಟಿವಿಯಲ್ಲಿ ಆ ಸಿನಿಮಾ ಬಂದರೆ ಎದ್ದು ಹೋಗುತ್ತಾರೆ. ಹೆಸರು ಎತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಗಂಡ ಸುದರ್ಶನ ಜಗಳದಲ್ಲಿ ಸೋಲುವ ಹಾಗಾದರೆ, "ಹಡಗಿನ ವಿಷಯ ಹೇಳ್ಬಿಡ್ತೀನಿ ನೋಡು" ಎಂದು ಗೆಲ್ಲುತ್ತಾನಂತೆ.

ಕಳೆದ ವರ್ಷ ನಮ್ಮ ಬಜಾರಿನ ಒಂದು ಹಳೆಯ ಆಟಿಕೆ ಅಂಗಡಿ ಬಾಗಿಲು ಹಾಕಿತು. ಉಳಿದ ಸಾಮಾನನ್ನು ನಾನು ಸಗಟಾಗಿ ಎತ್ತಿಕೊಂಡೆ. ತಳದ ಡಬ್ಬದಲ್ಲಿ ಒಂದು ವಿಡಿಯೋ ಗೇಮ್ ಪೆಟ್ಟಿಗೆ, ಜೊತೆಗೆ ಅದಕ್ಕೆ ಸಿಕ್ಕಿಸುವ ಆಟದ ಕ್ಯಾಸೆಟ್. ಅಂಟುಚಿತ್ರ ಅರ್ಧ ಕಿತ್ತಿತ್ತು. ಉಳಿದ ಅರ್ಧದಲ್ಲಿ ಕೆಂಪು ಸ್ವೆಟರು.

ಆ ದಿನಗಳಲ್ಲೇ ನವುಲೆಯ ಹೋಲ್‌ಸೇಲಿನವನೊಬ್ಬ ಶ್ರೀಗೌರಿಯವರಿಗೆ ಅಗ್ಗದ ಕಾಗದ ತೋರಿಸಿ ಗಾಳ ಹಾಕುತ್ತಿದ್ದ. ಪೆಟ್ಟಿಗೆಯನ್ನು ಬಂಡಲ್ಲುಗಳ ಮೇಲೆ ಇಟ್ಟುಕೊಂಡು ಶಂಕರಘಟ್ಟಕ್ಕೆ ಹೋದೆ. ಕೊಡಲಿಲ್ಲ, ಸುಮ್ಮನೆ ಅಲ್ಲಿ ಮರೆತುಬಂದೆ.

ಮಾರನೇ ವಾರ ಹೋದರೆ ಶ್ರೀಗೌರಿಯ ಮುಖ ಸಪ್ಪೆಯಾಗಿತ್ತು.

"ಏನಾಯ್ತು, ಹಡಗು ಮುಳುಗ್ತಾ?"

"ಹಡಗಿರಲಿ, ಮೊದಲನೇ ಏಡಿ ದಾಟೋಕಾಗ್ತಿಲ್ಲ. ನನಗೆ ನೆಗೆಯೋದೊಂದೇ ಬರೋದು. ಎಡಗೈಗೆ ಏನೂ ಗೊತ್ತಿಲ್ಲ ನೋಡಿ. ಮುದುಕ ನಿಂತಲ್ಲೇ ಕುಣೀತಾನೆ, ಏಡಿ ಬಂದು ಕಚ್ಚುತ್ತೆ."

ನನಗೆ ನಗು ತಡೆಯಲಾಗಲಿಲ್ಲ. ಆದರೆ ಇನ್ನೊಂದು ತೊಂದರೆಯೂ ಇತ್ತು. ಚಿತ್ರ ಆಗಾಗ ಗೆರೆಗೆರೆಯಾಗಿ ಮಾಯವಾಗುತ್ತಿತ್ತು. ರಿಪೇರಿಯ ಸುನಿಲ್ ಬಿಚ್ಚಿ ನೋಡಿ, "ಒಳಗೆ ತುಕ್ಕು ತಿಂದಿದೆ ಮೇಡಂ. ಟಿವಿಗೆ ವೈರ್ ಬೆಸುಗೆ ಹಾಕಿ ಕೊಡ್ತೀನಿ. ಆದ್ರೆ ಯಾವತ್ತು ಹೋಗುತ್ತೋ ಹೇಳೋಕಾಗಲ್ಲ, ಹೋದ್ರೆ ಹೋಯ್ತು" ಎಂದಿದ್ದ.

"ಹಂಗಾದ್ರೆ ಕರಿಯಮ್ಮನ್ನ ಕರೀರಿ" ಎಂದೆ.

"ಅದೇ ಭಯ. ಅವಳು ಸಿನಿಮಾ ನೋಡಿದಾಳೆ. ಮದುವೆಯಾದ ಹೊಸದ್ರಲ್ಲಿ, ಥಿಯೇಟರಿಗೆ ಹೋಗಿ. ಬಾಯಿ ಹೆಂಗೆ ಅಂತ ನಿಮಗೂ ಗೊತ್ತಲ್ಲ."

ಗೊತ್ತಿತ್ತು. ಭದ್ರಾವತಿ ಬಸ್ ನಿಲ್ದಾಣದ ಬಳಿ ಕರಿಯಮ್ಮನದು ಮಂಡಕ್ಕಿ ಗಾಡಿ. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದರು, ಯಾರು ಯಾರ ಸೈಟಿಗೆ ಬೇಲಿ ಹಾಕಿದರು, ಎಲ್ಲವೂ ಖಾರದ ಜೊತೆ ಪೊಟ್ಟಣದಲ್ಲಿ ಬರುತ್ತದೆ. ಇಂಥವಳು ಆ ಒಂದು ವಿಷಯವನ್ನು ಮಾತ್ರ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಕೇಳಿದರೆ ಕಣ್ಣು ಮಿಟುಕಿಸಿ, "ನಂಗೊತ್ತು, ಹೇಳಲ್ಲ" ಎನ್ನುತ್ತಿದ್ದಳು.

ನಾನೇ ಹೋಗಿ ವಿಷಯ ತಿಳಿಸಿದೆ. ಎಡಗೈಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳು ಕತ್ತಿ ನಿಲ್ಲಿಸಿದಳು.

"ಕ್ಯಾಸೆಟ್ಟು ಸಿಕ್ತಾ? ಅದೇನಾ?"

"ಅದೇ. ಆದ್ರೆ ಬಾಯಿ ಬಿಡಬಾರದಂತೆ."

"ಅಯ್ಯೋ ಸಾವ್ಕಾರ್ರೇ, ನಾನು ಬಾಯಿ ಬಿಡೋ ಹಂಗಿದ್ರೆ ಅವ್ಳು ಯಾವತ್ತೋ ಕೇಳಿಸ್ಕೊಂಡಿರೋಳು. ನಡೀರಿ, ಭಾನುವಾರ ಗಾಡಿ ಹಾಕಲ್ಲ."

ಭಾನುವಾರ ಮಧ್ಯಾಹ್ನ, ಭದ್ರಾವತಿಯ ನ್ಯೂಟೌನಿನಲ್ಲಿ ಶ್ರೀಗೌರಿಯ ಮನೆ. ಸುದರ್ಶನ ಬೀರುವಿನ ಪಕ್ಕ, ನಾನು ಕುರ್ಚಿಯಲ್ಲಿ. ಈಗ ಇಬ್ಬರೂ ಗೆಳತಿಯರು ಒಂದು ಕುರ್ಚಿಯಲ್ಲಿ ಹಿಡಿಸುವ ಗಾತ್ರದವರಲ್ಲ. ಚಾಪೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತರು. ರಿಮೋಟನ್ನು ಇಬ್ಬರ ತೊಡೆಗೂ ಸೇತುವೆಯಂತೆ ಇಟ್ಟುಕೊಂಡರು. ಕರಿಯಮ್ಮ ಕ್ಯಾಸೆಟ್ ಬಾಯಿಗೆ ಉಫ್ ಎಂದು ಊದಿ ಸಿಕ್ಕಿಸಿದಳು.

"ಮಂಡಕ್ಕಿ ಖಾರ ಊದ್ಬೇಡ್ವೇ, ಕೆಡುತ್ತೆ."

"ನಿನ್ನ ಗೋಂದಿಗಿಂತ ವಾಸಿ ಮಾರಾಯ್ತಿ. ಹ್ಞೂಂ, ನೆಗಿ."

ಮುದುಕ ಓಡಿದ.

ನಾನು ಲೋಕ ಕಂಡವನು. ಗಂಡಹೆಂಡಿರು ಸೇರಿ ಒಂದು ಬೀರುವನ್ನು ಜಗಳವಿಲ್ಲದೆ ಬಾಗಿಲು ದಾಟಿಸಿದ್ದನ್ನು ನೋಡಿಲ್ಲ. ಪಾಲುದಾರರು ಒಂದೇ ಅಂಗಡಿಗೆ ಎರಡು ಬೀಗ ಹಾಕಿದ್ದನ್ನು ನೋಡಿದ್ದೇನೆ. ಇಲ್ಲಿ ಒಂದು ಬೆರಳು ಒಬ್ಬಳದು, ಇನ್ನೊಂದು ಬೆರಳು ಇನ್ನೊಬ್ಬಳದು, ಮುದುಕ ಮಾತ್ರ ಒಬ್ಬನೇ. ಬಂಡೆಯ ತುದಿಗೆ ಕರಿಯಮ್ಮ ತಂದು ನಿಲ್ಲಿಸುವುದಕ್ಕೂ ಶ್ರೀಗೌರಿ ಎತ್ತುವುದಕ್ಕೂ ನಡುವೆ ಕೂದಲಿನಷ್ಟು ಸಂದಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಈಗ ಎನ್ನಲಿಲ್ಲ, ತಡೆ ಎನ್ನಲಿಲ್ಲ. ಏಡಿ ಬರುವ ಮೊದಲೇ ಇಬ್ಬರ ಉಸಿರೂ ಒಟ್ಟಿಗೆ ನಿಲ್ಲುತ್ತಿತ್ತು. ನನ್ನ ಕೈಯಲ್ಲಿದ್ದ ಕಾಫಿ ಆರಿಹೋದದ್ದು ನನಗೆ ತಿಳಿಯಲಿಲ್ಲ. ಕಾಸು ಕೊಡದೆ ಸಿಕ್ಕ ಕಾಫಿಯನ್ನು ನಾನು ಆರಲು ಬಿಟ್ಟವನಲ್ಲ.

ದೀಪಸ್ತಂಭದ ಒಳಗೆ ಬಂದರು. ಮೆಟ್ಟಿಲುಗಳು ಕಾಲಿಟ್ಟ ಕೂಡಲೇ ಕುಸಿಯುತ್ತಿದ್ದವು. ನಡುವೆ ಚಿತ್ರ ಒಮ್ಮೆ ಗೆರೆಯಾಯಿತು. ಸುದರ್ಶನ "ಅಯ್ಯೋ" ಎಂದ. ಚಿತ್ರ ಮರಳಿತು. ಮುರಿದ ಮೆಟ್ಟಿಲಿನ ಅಂಚು ಬಂತು.

ಆಗ ಒಂದು ವಿಚಿತ್ರ ನಡೆಯಿತು. ಇಬ್ಬರ ಕೈಗಳೂ ರಿಮೋಟಿನಿಂದ ಎದ್ದವು. ಇಬ್ಬರೂ ತಲೆ ತಿರುಗಿಸಿ ಕಿಟಕಿಯತ್ತ ನೋಡಿದರು. ಮುದುಕ ಕೆಳಗೆ ಬಿದ್ದ.

ಹೊರಗೆ ಯಾವ ಸದ್ದೂ ಇರಲಿಲ್ಲ. ಕಾರ್ಖಾನೆ ನಿಂತು ವರ್ಷಗಳಾದವು, ಸೈರನ್ ಇಲ್ಲ. ಸೈಕಲ್ ಹತ್ತಿ ಬರುವ ಅಪ್ಪಂದಿರೂ ಇಲ್ಲ. ಆದರೆ ಆ ಮೆಟ್ಟಿಲಿಗೆ ಬಂದಾಗ ಏಳಬೇಕೆಂಬುದನ್ನು ಕೈಗಳು ಮರೆತಿರಲಿಲ್ಲ.

ಶ್ರೀಗೌರಿಯ ಕಣ್ಣು ತುಂಬಿತ್ತು. ಪರದೆಯ ಮೂಲೆಯಲ್ಲಿ, ಮುದುಕನಿಗೆ ಉಳಿದ ಜೀವಗಳ ಲೆಕ್ಕಕ್ಕೆ, ಒಂದೇ ಕೆಂಪು ಸ್ವೆಟರು ಉಳಿದಿತ್ತು. ಅದೂ ಹೋದರೆ ಮತ್ತೆ ಮೊದಲ ಬಂಡೆ, ಪೆಟ್ಟಿಗೆ ಅಷ್ಟು ಹೊತ್ತು ಬದುಕುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ.

"ಯಾರೂ ಬರಲ್ಲ ಕಣೇ," ಎಂದಳು ಕರಿಯಮ್ಮ, ಮೆಲ್ಲಗೆ. "ಇನ್ನು ಯಾರೂ ಬೈಯಲ್ಲ. ಆಡು."

ಆಡಿದರು. ಮುರಿದ ಮೆಟ್ಟಿಲಿಗೆ ಬಂದಾಗ ಇಬ್ಬರೂ ಹಲ್ಲು ಕಚ್ಚಿ ಬೆರಳನ್ನು ಒತ್ತಿ ಹಿಡಿದಿದ್ದರು, ಬಿಟ್ಟರೆ ಹಾರಿಹೋಗುವ ಹಕ್ಕಿಯನ್ನು ಹಿಡಿದ ಹಾಗೆ. ಮುದುಕ ಗಾಳಿಯಲ್ಲಿ ತೇಲಿ ಆಚೆ ಬಿದ್ದ. ಆಚೆಗಿನದನ್ನು ಅವರಿಬ್ಬರೂ ಹಿಂದೆ ಕಂಡಿರಲೇ ಇಲ್ಲ. ನಾಲ್ಕು ಮೆಟ್ಟಿಲು, ಒಂದು ಬಾಗಿಲು. ಅವನು ತಾನಾಗಿಯೇ ಒಳಗೆ ನಡೆದ.

ಪರದೆ ಕಪ್ಪಾಯಿತು. ಹೋಯಿತು ಎಂದುಕೊಂಡೆವು. ಇಲ್ಲ, ಅದು ಕಡಲು. ಕತ್ತಲೆಯ ನಡುವೆ ಒಂದು ಹಳದಿ ಚುಕ್ಕೆ ಹೊತ್ತಿ, ಅದರ ಬೆಳಕು ನಿಧಾನವಾಗಿ ನೀರಿನ ಮೇಲೆ ಸುತ್ತಿತು. ಏನೂ ಇಲ್ಲ. ಮತ್ತೆ ಸುತ್ತಿತು. ಮೂರನೆಯ ಸಲ, ಬಲತುದಿಯಲ್ಲಿ, ಬೆರಳಿನುಗುರಿನಷ್ಟು ಒಂದು ಹಡಗು.

ಅದು ದಡದತ್ತ ಬಂತು. ಅಷ್ಟೇ.

ನಾಲ್ಕಾರು ಬಣ್ಣದ ಚೌಕಗಳ ಚಿತ್ರ ಅದು. ನಾನು ಕೈಮುಗಿಯದೆ ಉಳಿದದ್ದು ಕೈಯಲ್ಲಿ ಲೋಟವಿದ್ದುದರಿಂದ.

ಶ್ರೀಗೌರಿ ಗೆಳತಿಯತ್ತ ತಿರುಗಿ ಕೇಳಿದರು. "ಸಿನಿಮಾದಲ್ಲೂ ಹಿಂಗೇನಾ?"

"ನಂಗೇನು ಗೊತ್ತು?"

"ನೋಡಿದೀಯಲ್ಲೇ!"

"ಮೆಟ್ಟಿಲು ಬರೋವರೆಗೆ ನೋಡ್ದೆ. ಆಮೇಲೆ ಎದ್ದು ಬಂದ್ಬಿಟ್ಟೆ. ನಮ್ಮೆಜಮಾನ್ರು ಟಿಕೆಟ್ ದಂಡ ಅಂತ ದಾರಿಯುದ್ದ ಬೈದ್ರು. ನೀನಿಲ್ದೆ ನಾನೊಬ್ಳೇ ಹೆಂಗೇ ನೋಡ್ಲಿ?"

"ಮತ್ತೆ ಇಷ್ಟು ವರ್ಷ ಗೊತ್ತು ಗೊತ್ತು ಅಂತ ಮೆರೆದ್ಯಲ್ಲ!"

"ಮೆರೀಬಾರ್ದಾ? ಡಾಕ್ಟರುಗಳ ಪುಸ್ತಕ ಹೊಲಿಯೋಳಿಗೆ ಗೊತ್ತಿಲ್ದೆ ಇರೋದು ನಂಗೊಂದಾದ್ರೂ ಗೊತ್ತಿರ್ಲಿ ಅಂತ."

ಶ್ರೀಗೌರಿ ಅವಳ ಭುಜಕ್ಕೊಂದು ಗುದ್ದಿ, ಅಲ್ಲೇ ತಲೆಯಿಟ್ಟರು. ಪರದೆಯ ಮೇಲೆ ಮುದುಕ ಮತ್ತೆ ಮೊದಲ ಬಂಡೆಯ ಮೇಲೆ ನಿಂತು ಕಾಯುತ್ತಿದ್ದ. ಯಾರೂ ಟಿವಿ ಆರಿಸಲಿಲ್ಲ.

ಪೆಟ್ಟಿಗೆಯನ್ನು ನಾನು ವಾಪಸು ತರಲಿಲ್ಲ. ವೈರನ್ನು ಟಿವಿಗೆ ಬೆಸೆದುಬಿಟ್ಟಿದ್ದರಲ್ಲ, ಅದಕ್ಕೆ. ನವುಲೆಯವನ ಕಾಗದವೂ ಶಂಕರಘಟ್ಟಕ್ಕೆ ಹೋಗಲಿಲ್ಲ.

ಒಂದು ಮಾತು ಉಳಿದಿದೆ. ಪೆಟ್ಟಿಗೆ ಸಿಕ್ಕ ದಿನವೇ, ಮುಂದೆ ಯಾವಾಗಲಾದರೂ ಉಪಯೋಗಕ್ಕೆ ಬಂದೀತೆಂದು, ನಾನು ಫೋನಿನಲ್ಲಿ ಆ ಸಿನಿಮಾವನ್ನು ಕೊನೆಯವರೆಗೂ ನೋಡಿಕೊಂಡಿದ್ದೆ. ಅದರಲ್ಲಿ ಹಡಗಿನ ಗತಿ ಏನಾಯಿತೆಂದು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ಈ ಬರಹವನ್ನು ಬೈಂಡ್ ಮಾಡುವವರು ಶ್ರೀಗೌರಿ, ಅವರು ಮೊದಲು ತಿರುವುವುದು ಕೊನೆಯ ಪುಟವನ್ನು.