ಮೂರು ಸಲ ಇಳಿಸಿ ಬರೆದ ಹಾಡು

ಎರ್ಸಿಲಿಯಾಳ ಹಾಡನ್ನು ನಾನು ಮೂರು ಸಲ ಇಳಿಸಿ ಬರೆದೆ. ನಮ್ಮೂರ ರಂಗಮಂದಿರದ ವಾದ್ಯದವರಿಗೆ ಸ್ವರದ ಹಾಳೆ ನಕಲು ಮಾಡುವವನು ನಾನು. ಮೊದಲು ಕುದುರೆ ಜೀನು ಹೊಲಿಯುತ್ತಿದ್ದೆ. ಸಂಗೀತದ ಅಕ್ಷರವನ್ನು ಯಾರೂ ಹೇಳಿಕೊಡಲಿಲ್ಲ, ನೋಡಿ ನೋಡಿ ಕಲಿತದ್ದು. ನನ್ನ ಹಾಳೆಯಲ್ಲಿ ತಪ್ಪು ಹಿಡಿದವನು ಈ ಊರಲ್ಲಿ ಇನ್ನೂ ಹುಟ್ಟಿಲ್ಲ.

ಅವಳು ಅಗಸಗಿತ್ತಿಯ ಮಗಳು. ಹೊಳೆಯಲ್ಲಿ ಬಟ್ಟೆ ಒಗೆಯುತ್ತ ಹಾಡಿದರೆ ಆಚೆ ದಡದ ಎತ್ತು ಕಿವಿ ನಿಮಿರಿಸುತ್ತಿತ್ತು. ಇಪ್ಪತ್ತಮೂರನೇ ವಯಸ್ಸಿಗೆ ರಂಗ ಹತ್ತಿದಳು. ಆರು ವರ್ಷ ಆಂಕೋನಾದಿಂದ ರಿಮಿನಿವರೆಗೆ ಯಾವ ಊರಲ್ಲಿ ಹಾಡಿನ ನಾಟಕ ಆಪೆರಾ ಆಡಿದರೂ ನಾಯಕಿ ಅವಳೇ. ಹಾಡುವ ಮುಂಚೆ ಉಪ್ಪುಮೀನಿನ ಚೂರು ಚೀಪಿಕೊಂಡು ರಂಗಕ್ಕೆ ನುಗ್ಗುತ್ತಿದ್ದಳು. ಆಮೇಲೆ ಯುದ್ಧ ಬಂತು, ರಂಗಮಂದಿರದ ಬಾಗಿಲು ಮುಚ್ಚಿತು. ಬಾಂಬಿಗೆ ಹೆದರಿ ನೆಲಮಾಳಿಗೆಯಲ್ಲಿ ಮಲಗಿದ್ದಾಗ ಎದೆಗಿಳಿದ ಥಂಡಿ ಮತ್ತೆ ಹೋಗಲೇ ಇಲ್ಲ.

ಬಾಗಿಲು ತೆರೆದ ವರ್ಷ ನನ್ನ ಮೇಜಿನ ಹತ್ತಿರ ಬಂದಳು.

"ಒರೆಸ್ತಣ್ಣ, ಮೂರನೇ ಅಂಕದ ಹಾಡನ್ನ ಅರ್ಧ ಸ್ವರ ಕೆಳಗೆ ಬರೆದುಕೊಡು, ಮೇಲಿನದು ಎಟುಕ್ತಿಲ್ಲ. ಗುಟ್ಟಾಗಿರಲಿ."

"ಇಪ್ಪತ್ತೆಂಟು ಜನ ನುಡಿಸ್ತಾರೆ. ಎಂಥ ಗುಟ್ಟು?"

"ಅವರು ನಮ್ಮೋರು. ಮೇಲಟ್ಟಕ್ಕೆ ಗೊತ್ತಾಗಬಾರದು, ಅಷ್ಟೆ."

ಮೇಲಟ್ಟ ಅಂದರೆ ಅಗ್ಗದ ಟಿಕೆಟಿನವರು ಕೂರುವ ಮೇಲಿನ ಅಂತಸ್ತು; ಅಲ್ಲಿ ಕೂತು ತಪ್ಪು ಹಿಡಿದು ಕೂಗುವವನು ಪಚೀಫಿಕೊ. ಚರ್ಚುಗಳ ಆರ್ಗನ್ನಿಗೆ ಶ್ರುತಿ ಕೂಡಿಸುವವನು, ಅವಳ ಬೀದಿಯಲ್ಲೇ ಆಡಿ ಬೆಳೆದವನು. ಆ ವರ್ಷ ಅವನಿಗೂ ತಿಳಿಯಲಿಲ್ಲ. ಎರಡು ವರ್ಷ ಕಳೆದು ಇನ್ನರ್ಧ ಸ್ವರ ಇಳಿಸಿದಾಗ ಚಪ್ಪಾಳೆಗೂ ಮುಂಚೆ ಕೂಗಿದ:

"ಏ ಎರ್ಸಿಲಿಯಾ! ಸ್ವರ ಬಾವಿಗೆ ಬಿತ್ತು ಕಣೇ, ಹಗ್ಗ ಬಿಡಲಾ?"

"ನೀನೇ ಇಳಿಯೋ, ತಲೆ ದಪ್ಪ ಇರೋನು ಬೇಗ ತಳ ಮುಟ್ತೀಯ!"

ಜನ ಗೊಳ್ಳೆಂದರು. ಆದರೆ ಮರುವರ್ಷದಿಂದ ನಾಟಕಕ್ಕೆ ಕರೆ ಬರಲಿಲ್ಲ. ಹತ್ತು ವರ್ಷ ಬರೀ ಹಾಡಿನ ಕಛೇರಿ. ಬಿಸಿನೀರಿನ ಬುಗ್ಗೆಯ ಊರುಗಳಲ್ಲಿ ಮದ್ದಿನ ನೀರಿನ ಲೋಟ ಹಿಡಿದು ಅಡ್ಡಾಡುವ ರೋಗಿಗಳ ಮುಂದೆ, ಚರ್ಚಿನ ಪಡಸಾಲೆಯಲ್ಲಿ, ಅದೇ ನೀಲಿ ನಿಲುವಂಗಿಯಲ್ಲಿ.

ಅವಳ ನಲವತ್ತೇಳನೇ ವಯಸ್ಸಿನಲ್ಲಿ, ಒಂದು ಭಾನುವಾರದ ಮಧ್ಯಾಹ್ನಕ್ಕೆ ನಮ್ಮ ರಂಗಮಂದಿರವೇ ಕರೆಯಿತು. ಒಂಬತ್ತು ವಾದ್ಯದ ಕಛೇರಿ.

"ಇದೊಂದು ದಡ ಸೇರಿದರೆ ಚಳಿಗಾಲಕ್ಕೆ ಮತ್ತೆ ವೇಷ ಕೊಡ್ತಾರಂತೆ, ಅಣ್ಣ. ಇನ್ನರ್ಧ ಇಳಿಸು."

"ಆಗಲ್ಲ ತಾಯಿ. ನೀನು ಮೇಲಿನ ಸ್ವರ ಹಿಡಿದು ನಿಲ್ಲೋ ಕಡೆ ಕೆಳಗೆ ಪಿಟೀಲು ಒಂದೇ ಇರೋದು. ಈಗಲೇ ಕೊನೇ ತಂತಿಯ ತಳದಲ್ಲಿದೆ. ಅದರ ಕೆಳಗೆ ಪಿಟೀಲಿಗೆ ಸ್ವರವೇ ಇಲ್ಲ. ಮೇಲಿನ ಸ್ಥಾಯಿಗೆ ಹಾಕಿದರೆ ನಿನ್ನ ದನಿಯನ್ನೇ ನುಂಗುತ್ತೆ."

"ಹಾಗಾದರೆ ಅಲ್ಲಿ ಪಿಟೀಲು ಸುಮ್ಮನಿರಲಿ."

ನಾನು ಒಪ್ಪಿದೆ. ನನ್ನ ಬುದ್ಧಿಗೆ ಅದೇ ಮಹಾ ಉಪಾಯವಾಗಿ ಕಂಡಿತು. ನಾಲ್ಕು ಎಣಿಕೆಯ ಮೌನದ ಗುರುತನ್ನು ಅಚ್ಚುಕಟ್ಟಾಗಿ ಬರೆದೆ.

ಆ ಮಧ್ಯಾಹ್ನ ಪಿಟೀಲು ನಿಂತಿತು. ಇಷ್ಟು ವರ್ಷ ಅವಳನ್ನು ಹೊತ್ತಿದ್ದದ್ದು ಅದೇ ಎಂದು ಆಗ ಗೊತ್ತಾಯಿತು. ಅಡಿಯ ಆಸರೆ ಹೋದಮೇಲೆ ಉಳಿದದ್ದು ಉಸಿರು, ಅದರೊಳಗೊಂದು ಕರಕರ. ಆ ನಾಲ್ಕು ಎಣಿಕೆ ಮುಗಿಯುವಷ್ಟರಲ್ಲಿ ಅವಳ ಮುಖದ ಬಣ್ಣ ಹೋಗಿತ್ತು. ಕೊನೆಯವರೆಗೂ ಹಾಡಿದಳು. ಮುಗಿಸಿ ಕತ್ತೆತ್ತಿ ಮೇಲಟ್ಟವನ್ನೇ ನೋಡುತ್ತ ನಿಂತಳು. ಪಚೀಫಿಕೊ ಕೂಗಲಿಲ್ಲ.

ತೆರೆಯ ಹಿಂದೆ ಇಳಿದು ಬಂದ. ಟೋಪಿ ಕೈಯಲ್ಲಿತ್ತು. ಅವಳ ಕೋಟು ಎತ್ತಿ ಹಿಡಿದು, "ಬನ್ನಿ ಅಮ್ಮಾವ್ರೇ, ಹೊರಗೆ ಗಾಳಿ ಇದೆ, ಹಾಕ್ಕೊಳ್ಳಿ" ಅಂದ.

ಹುಟ್ಟಿದಾಗಿನಿಂದ ಅವಳಿಗೆ ಏ, ಕಣೇ ಅಂದವನು. ಅವಳು ಒಂದು ಗಳಿಗೆ ಅವನ ಬಾಯನ್ನೇ ನೋಡಿದಳು. ಆಮೇಲೆ ಕೋಟಿನ ತೋಳಿಗೆ ಕೈ ತೂರಿಸಿ, ಸ್ವರದ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಚಳಿಗಾಲದ ವೇಷದ ಮಾತು ಅವಳೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.