ಆಯುಧಪೂಜೆಯ ಬೆಳಿಗ್ಗೆ ಕೈಕೊಟ್ಟ ಎಸ್‌ಎಸ್‌ಡಿ

ಸಿಂಗಪುರದ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಸರ್ವರುಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಅಲ್ಲಿ ಏನೇ ಕೆಟ್ಟರೂ ಸರಿಮಾಡಿ ಬರುವ ನನಗೆ ವುಡ್‌ಲ್ಯಾಂಡ್ಸಿನ ನಮ್ಮ ಮನೆಯ ಒಂದೇ ಒಂದು ಕಂಪ್ಯೂಟರ್ ವಾರವಿಡೀ ನೀರು ಕುಡಿಸಿತು.

ಆನ್ ಮಾಡಿದರೆ ಸುಮಾರು ಒಂದು ಗಂಟೆ ಸಾಧುವಿನ ಹಾಗೆ ನಡೆಯುತ್ತಿತ್ತು. ಆಮೇಲೆ ಎಲ್ಲ ಕಲ್ಲು. ಫೈಲುಗಳೆಲ್ಲ ಇರುವ ಎಸ್‌ಎಸ್‌ಡಿ, ಆ ಅಂಗೈಯಗಲದ ಡಬ್ಬಿ, ಒಳಗೇ ಇದ್ದರೂ ಕಂಪ್ಯೂಟರಿಗೆ ಕಾಣುತ್ತಿರಲಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಒಂದು ಗಂಟೆ. ಕೇಬಲ್ ಬದಲಿಸಿದೆ. ಒಳಗಿನ ಧೂಳೆಲ್ಲ ತೆಗೆದೆ. ಜುರಾಂಗ್ ಐಲ್ಯಾಂಡಿನ ರಿಫೈನರಿಯಲ್ಲಿ ಎಂಜಿನಿಯರ್ ಆಗಿರುವ ನನ್ನ ಗಂಡ, "ಹೀಟ್ ಆಗ್ತಿದೆ ಕಣೇ, ಫ್ಯಾನ್ ಇಡು," ಎಂದರು. ಇದ್ದೊಂದು ಟೇಬಲ್ ಫ್ಯಾನನ್ನು ಅದರ ಮುಂದಿಟ್ಟೆವು. ನಾವು ಬೆವರಿದೆವು. ಅದು ತಣ್ಣಗೆ ಕೂತು ತಣ್ಣಗೇ ಕೈಕೊಟ್ಟಿತು.

ಮಗಳ ಜೀವ ಬಾಯಿಗೆ ಬಂದಿತ್ತು. ಪಾಲಿಟೆಕ್ನಿಕ್ಕಿನ ಪ್ರಾಜೆಕ್ಟಿಗೆಂದು ತಿಂಗಳುಗಟ್ಟಲೆ ಕೂತು ಮಾಡಿದ ಅನಿಮೇಷನ್ ಚಿತ್ರ ಅದರಲ್ಲಿತ್ತು. ಆಯುಧಪೂಜೆಯ ದಿನ ಸಂಜೆಯೊಳಗೆ ಅಪ್‌ಲೋಡ್ ಆಗಬೇಕು, ಇಲ್ಲದಿದ್ದರೆ ಆ ವಿಷಯದಲ್ಲಿ ಫೇಲ್. ದೃಶ್ಯಗಳನ್ನೆಲ್ಲ ಜೋಡಿಸಿ ಒಂದೇ ಚಿತ್ರವಾಗಿ ಹೊರತೆಗೆಯಲು ಎರಡು ಗಂಟೆಯಾದರೂ ಬೇಕು. ಈ ಮಹಾರಾಯ ಕೊಡುವುದು ಒಂದೇ. ಬೇರೆ ಡಿಸ್ಕಿಗೆ ಕಾಪಿ ಮಾಡಲು ಹೋದರೂ ದೊಡ್ಡ ಫೈಲುಗಳು ಅರ್ಧಕ್ಕೇ ನಿಂತುಬಿಡುತ್ತಿದ್ದವು.

"ಹೊಸ ಡ್ರೈವ್ ತಗೊಂಡ್ರೆ ಆಯ್ತು ಲಾ," ಎಂದಳು ಮಗಳು, ಇಲ್ಲಿನವರಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ.

"ಹೊಸದ್ರಲ್ಲಿ ನಿನ್ನ ಫಿಲ್ಮ್ ಇರುತ್ತಾ?" ಎಂದು ರೇಗಿದೆ.

ಕೊನೆಗೆ ಡ್ರೈವ್ ಕಂಪನಿಯ ವೆಬ್‌ಸೈಟಿನ ಒಂದು ಮೂಲೆಯಲ್ಲಿ ರೋಗ ಪತ್ತೆಯಾಯಿತು. ಇಂತಿಷ್ಟು ಕಾಲ ಓಡಿದ ಮೇಲೆ ಈ ಮಾಡೆಲ್ ಗಂಟೆಗೊಮ್ಮೆ ಮೂರ್ಛೆ ಹೋಗುತ್ತದಂತೆ. ಇದನ್ನು ಮೊದಲೇ ಹೇಳಲು ಇವರಿಗೇನು ಧಾಡಿ! ಮದ್ದು ಫರ್ಮ್‌ವೇರ್ ಅಪ್‌ಡೇಟ್, ಅಂದರೆ ಡ್ರೈವಿನೊಳಗೇ ಕೂತು ಅದನ್ನು ನಡೆಸುವ ಪುಟ್ಟ ಪ್ರೋಗ್ರಾಮನ್ನು ಬದಲಿಸುವುದು. ನಡುವೆ ಕರೆಂಟ್ ಹೋದರೆ ಡ್ರೈವ್ ಸತ್ತೀತು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಸಿಂಗಪುರದಲ್ಲಿ ಕರೆಂಟ್ ಹೋಗುವುದೇ? ನಕ್ಕುಬಿಟ್ಟೆ.

ಆಯುಧಪೂಜೆಗೆ ಇಲ್ಲಿ ರಜೆಯಿಲ್ಲ. ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಆಫೀಸಿಗೆ ಹೇಳಿ, ಬೆಳಿಗ್ಗೆಯೇ ಅಪ್‌ಡೇಟ್ ಶುರುಮಾಡಿದೆ. ಕಪ್ಪು ಪರದೆಯ ಮೇಲೆ ಸಣ್ಣ ಬಿಳಿ ಗೀಟೊಂದು ತೆವಳತೊಡಗಿತು. ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು, ಮುಂದಿನ ಕೋಣೆಗೆ ಹೋದೆ. ತಿರುಗಿ ಬಂದರೆ ಗೀಟು ಮಾಯ. ಮೈಸೂರಿನಿಂದ ಬಂದಿದ್ದ ಅತ್ತೆ ಕಂಪ್ಯೂಟರನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟು ಕೈಮುಗಿಯುತ್ತಿದ್ದರು. ಮಿಕ್ಸಿ, ವಾಷಿಂಗ್ ಮೆಷಿನ್, ಮಗಳ ಸೈಕಲ್ಲಿನ ಪೂಜೆ ಆಗಲೇ ಮುಗಿದಿತ್ತು.

"ಯಾರು ಆಫ್ ಮಾಡಿದ್ದು ಇದನ್ನ?"

"ನಾನೇ ಕಣಮ್ಮ. ಒದ್ದೆಬಟ್ಟೆ ಅಲ್ವಾ, ಶಾಕ್ ಹೊಡೆದೀತು ಅಂತ ಗೋಡೆ ಸ್ವಿಚ್ಚೇ ಆಫ್ ಮಾಡ್ದೆ. ಇವತ್ತೊಂದಿನ ಅದಕ್ಕೂ ರೆಸ್ಟ್ ಇರ್ಲಿ."

ನನ್ನ ಪಿತ್ತ ನೆತ್ತಿಗೇರಿತು. "ಅಯ್ಯೋ ಅತ್ತೆ, ಏನ್ ಮಾಡ್ಬಿಟ್ರಿ! ಮಗು ಅಷ್ಟು ಕಷ್ಟಪಟ್ಟಿದ್ದೆಲ್ಲ ಹೋಯ್ತು! ದಮ್ಮಯ್ಯ ಅಂತೀನಿ, ಇನ್ಮೇಲೆ ಈ ಮನೇಲಿ ಒಂದು ಸ್ವಿಚ್ಚೂ ಮುಟ್ಟಬೇಡಿ!"

ಗಲಾಟೆ ಕೇಳಿ ಓಡಿಬಂದ ಮೊಮ್ಮಗಳ ಮುಖವನ್ನು ಅತ್ತೆ ನೋಡಿದರು. ಕುಂಕುಮದ ಬಟ್ಟಲು ಎತ್ತಿಕೊಂಡು ತಮ್ಮ ರೂಮಿಗೆ ಹೋದರು.

ಆನ್ ಮಾಡಿದೆ. ಡ್ರೈವ್ ಇಲ್ಲ. ಮತ್ತೆ ಮಾಡಿದೆ. ಇಲ್ಲ. "ಅಮ್ಮ, ಹೋಯ್ತಾ? ಹೇಳು ಲಾ," ಎಂದು ಮಗಳು ನನ್ನ ತೋಳು ಹಿಡಿದು ಜಗ್ಗಿದಳು. ಏನೆಂದು ಹೇಳಲಿ? ಇಂಟರ್‌ನೆಟ್ಟನ್ನೆಲ್ಲ ಜಾಲಾಡಿದೆ. ಯಾರೋ ಪುಣ್ಯಾತ್ಮ ಬರೆದಿದ್ದ: ಡೇಟಾ ಕೇಬಲ್ ಕಿತ್ತು, ಬರೀ ಕರೆಂಟ್ ಕೊಟ್ಟು, ಅರ್ಧ ಗಂಟೆ ಏನೂ ಕೆಲಸ ಹೇಳದೆ ಬಿಡಿ, ತಾನಾಗಿಯೇ ಎದ್ದರೂ ಎದ್ದೀತು. ರೆಸ್ಟ್ ಕೊಡಬೇಕಂತೆ, ರೆಸ್ಟ್! ಹಲ್ಲು ಕಡಿಯುತ್ತ ಕೇಬಲ್ ಕಿತ್ತೆ. ಕಂಪ್ಯೂಟರಿನ ಮೇಲಿನ ಕುಂಕುಮವನ್ನು ದುರುಗುಟ್ಟಿ ನೋಡುತ್ತ ಕೂತೆ.

ಕೇಬಲ್ ಮತ್ತೆ ಸಿಕ್ಕಿಸಿದಾಗ ಡ್ರೈವ್ ಕಾಣಿಸಿತು. ಮಗಳನ್ನು ಗೋಡೆ ಸ್ವಿಚ್ಚಿನ ಕಾವಲಿಗೆ ನಿಲ್ಲಿಸಿ, ಆಫೀಸಿನ ಫೋನು ಬಡಿದುಕೊಳ್ಳುತ್ತಿದ್ದರೂ ಕದಲದೆ, ಮತ್ತೊಮ್ಮೆ ಅಪ್‌ಡೇಟ್ ಮಾಡಿದೆ. ಈ ಸಲ ಆಯಿತು. ಚಿತ್ರ ಹೊರತೆಗೆಯಲು ಕೊಟ್ಟೆವು. ಒಂದು ಗಂಟೆ ದಾಟಿತು, ನಿಲ್ಲಲಿಲ್ಲ. ಎರಡೂ ದಾಟಿತು. ಸಂಜೆಯಾಗುತ್ತಿದ್ದಂತೆ ಅಪ್‌ಲೋಡ್ ಮುಗಿಯಿತು. ಮಗಳು ನನ್ನನ್ನು ತಬ್ಬಿಕೊಂಡು, "ಅಜ್ಜಿಗೆ ಹೇಳ್ತೀನಿ!" ಎಂದು ಓಡಿದಳು. ನಾನೂ ಹಿಂದೆಯೇ ಹೋದೆ.

ರೂಮಿನಲ್ಲಿ ಮಬ್ಬು. ಲೈಟಿಲ್ಲ, ಫ್ಯಾನಿಲ್ಲ. ಆ ಸೆಖೆಯಲ್ಲಿ ಅತ್ತೆ ಮಂಚದ ತುದಿಯಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು.

"ಅಜ್ಜಿ, ಫ್ಯಾನ್ ಯಾಕೆ ಹಾಕ್ಕೊಂಡಿಲ್ಲ?"

"ಅದಿರ್ಲಿ ಪುಟ್ಟಿ, ನಿನ್ನ ಸಿನಿಮಾ ಸಿಕ್ತಾ?"

"ಸಿಕ್ತು ಅಜ್ಜಿ, ಕಳಿಸಿದ್ದೂ ಆಯ್ತು."

"ಅಬ್ಬ, ಚಾಮುಂಡಿ ತಾಯಿ," ಎಂದು ಅತ್ತೆ ಕಣ್ಣು ಮುಚ್ಚಿದರು.

ನನಗೆ ಸಂಕಟವಾಯಿತು. "ಫ್ಯಾನ್ ಹಾಕ್ಕೊಳ್ಳಿ ಅತ್ತೆ," ಎಂದೆ.

ಅವರು ಎದ್ದು ಗೋಡೆಯ ಹತ್ತಿರ ಹೋದರು. ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡರು. ಸ್ವಿಚ್ಚಿನ ಹತ್ತಿರ ಬೆರಳು ತಂದು, ಮುಟ್ಟದೆ, ನನ್ನ ಕಡೆ ತಿರುಗಿದರು.

"ಇದು ಫ್ಯಾನಿಂದೇ ಅಲ್ವೇನಮ್ಮ?"